ಬೇಡ ಅನ್ನೋದಕ್ಕೆ ವಕೀಲರೇ ಬೇಕಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಆರು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಬರುವುದೆಲ್ಲ ಪಾಲು ವಿಭಾಗ, ಜಮೀನು ತಕರಾರು, ಚೆಕ್ ಬೌನ್ಸ್. ಈಚೆಗೆ ಮದ್ದೂರು ಕಡೆಯ ಅಣ್ಣತಮ್ಮಂದಿರು ಬಂದರು. ಸ್ವಂತ ಆಲೆಮನೆ ಇದೆ, ಅಚ್ಚು ಬೆಲ್ಲ, ಪುಡಿ ಬೆಲ್ಲ ಮಾಡುತ್ತಾರೆ. ಬೆಂಗಳೂರಿನ ಒಂದು ಕಂಪನಿ ತಿಂಗಳಿಗೆ 10 ಟನ್ ಪುಡಿ ಬೆಲ್ಲ ಕೇಳಿದೆ. 14 ಪುಟದ ಇಂಗ್ಲಿಷ್ ಅಗ್ರಿಮೆಂಟ್. ಮೂರು ವರ್ಷ ಬೇರೆ ಯಾರಿಗೂ ಬೆಲ್ಲ ಮಾರುವಂತಿಲ್ಲ. ಹಣ 90 ದಿನಕ್ಕೆ. 60 ದಿನದೊಳಗೆ ಯಾವಾಗ ಬೇಕಾದರೂ ಮಾಲು ವಾಪಸ್. ತಡವಾದರೆ ಬಿಲ್ಲಿನಲ್ಲೇ ದಂಡ ಕಡಿತ. ಬೆಲ್ಲದಲ್ಲಿ ಯಾವ ರಾಸಾಯನಿಕವೂ ಇಲ್ಲ ಅಂತ ಖಾತರಿ ಕೊಡಬೇಕು. ಕೋರ್ಟು ಬೆಂಗಳೂರಿನದೇ, ಆರ್ಬಿಟ್ರೇಟರನ್ನು, ಅಂದರೆ ಕೋರ್ಟಿನ ಹೊರಗೆ ಜಗಳ ತೀರ್ಮಾನಿಸುವವರನ್ನು, ನೇಮಿಸುವುದು ಕಂಪನಿಯ ಎಂಡಿ. ನಾನು 9 ಪುಟದ ಒಪಿನಿಯನ್ ಬರೆದು 23 ಅಪಾಯ ಪಟ್ಟಿ ಮಾಡಿಕೊಟ್ಟೆ. ಅಣ್ಣ ಓದಿ, ‘ಮಾಡ್ಬೇಡ ಅನ್ನೋಕೆ ನಮ್ಮವ್ವನೇ ಸಾಕಲ್ವಾ ಸಾರ್, ಅದಕ್ಯಾಕೆ ಫೀಸು?’ ಅಂದುಬಿಟ್ಟರು. ಅವರ ಆಡಿಟರ್ ‘ಸಹಿ ಹಾಕಿ, ಏನೂ ಆಗಲ್ಲ’ ಅಂದಿದ್ದಾರಂತೆ. ಅಪಾಯ ಹೇಳದೆ ಬಿಟ್ಟು ಆಮೇಲೆ ನಷ್ಟವಾದರೆ ನನ್ನನ್ನು ಹೊಣೆ ಮಾಡುವುದಿಲ್ಲವೇ? ವ್ಯಾಪಾರದ ಮಾತು ಆಡುವುದು ವಕೀಲನ ಕೆಲಸವೇ? ಅವರಿಗೆ ಉಪಯೋಗವಾಗುವ ಹಾಗೆ ಸಲಹೆ ಕೊಡುವುದು ಹೇಗೆ?

ಉತ್ತರ: ಆ ಅಣ್ಣನ ಮಾತು ನಿಮಗೆ ಚುಚ್ಚಿದೆ ಅಂತ ಕಾಣುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಮೈಸೂರಿನಲ್ಲಿ ವ್ಯಾಪಾರಿಗಳ ಕೆಲಸವನ್ನೇ ಹೆಚ್ಚಾಗಿ ನೋಡುವ ನಾನು ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಸಂತೇಪೇಟೆಯ ಹೋಲ್‌ಸೇಲ್ ಅಂಗಡಿಯವರು ಇನ್ನೂ ಖಾರವಾಗಿ ಹೇಳುತ್ತಾರೆ.

ನಿಮ್ಮ 9 ಪುಟದಲ್ಲಿ ಕಾನೂನಿನ ತಪ್ಪು ಇರಲಿಕ್ಕಿಲ್ಲ. ಆದರೆ ಅವರು ಕೇಳಿದ್ದು ‘ಈ ಆರ್ಡರ್ ಹಿಡಿಯೋದು ಹೇಗೆ’ ಅಂತ. ನೀವು ಕೊಟ್ಟದ್ದು ‘ಇದರಲ್ಲಿ ಏನೇನು ಕೆಡಬಹುದು’ ಅನ್ನುವ ಪಟ್ಟಿ. 23 ಅಪಾಯವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಓದುವವನಿಗೆ ಯಾವುದು ಮನೆ ಮುಳುಗಿಸುತ್ತದೆ, ಯಾವುದು ಬರೀ ಕಾಗದದ ಮಾತು ಅಂತ ತಿಳಿಯುವುದಿಲ್ಲ. ಆಗ ಅವನು ಎಲ್ಲವನ್ನೂ ಬದಿಗಿಟ್ಟು ‘ಏನೂ ಆಗಲ್ಲ’ ಅಂದವರ ಮಾತು ಕೇಳುತ್ತಾನೆ.

ಹೀಗಾಗುವುದಕ್ಕೆ ಕಾರಣ ನಮ್ಮ ಕಸುಬಿನಲ್ಲೇ ಇದೆ. ನಮ್ಮ ಛೇಂಬರಿಗೆ ಬರುವುದು ಕೆಟ್ಟುಹೋದ ಕರಾರುಗಳು. ಚೆನ್ನಾಗಿ ನಡೆದ ಕರಾರು ಹಿಡಿದುಕೊಂಡು ಯಾರೂ ವಕೀಲರ ಹತ್ತಿರ ಬರುವುದಿಲ್ಲ. ಶವಾಗಾರದಲ್ಲಿ ಕೆಲಸ ಮಾಡುವವನಿಗೆ ಎಲ್ಲ ಜ್ವರವೂ ಸಾಯಿಸುವ ಜ್ವರದ ಹಾಗೇ ಕಾಣುತ್ತದೆ, ಅಲ್ವಾ? ವರ್ಷಗಟ್ಟಲೆ ದಾವೆ ನಡೆಸಿದ ಮೇಲೆ ನಮಗೂ ಹಾಗೇ. ಅದರ ಜೊತೆಗೆ ನೀವೇ ಬರೆದಿರುವ ಭಯ ಇನ್ನೊಂದು: ನಾಳೆ ನನ್ನ ಮೇಲೆ ಬಂದರೆ? ಆ ಭಯದಲ್ಲಿ ಬರೆದ ಒಪಿನಿಯನ್ ಕಕ್ಷಿದಾರನಿಗಾಗಿ ಬರೆದದ್ದಾಗಿರುವುದಿಲ್ಲ. ನಮ್ಮ ರಕ್ಷಣೆಗೆ ನಾವೇ ಬರೆದುಕೊಂಡದ್ದಾಗಿರುತ್ತದೆ.

ಆದ್ದರಿಂದ ಮೊದಲು ಆ ಭಯದ ಮಾತು ಮುಗಿಸೋಣ. ಕಕ್ಷಿದಾರ ಗ್ರಾಹಕ ಕೋರ್ಟಿಗೆ ಎಳೆಯುತ್ತಾನೆ ಅನ್ನುವ ಹೆದರಿಕೆ ನಮ್ಮಲ್ಲಿ ತುಂಬಾ ಜನಕ್ಕಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟ್, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಅಂತ ತೀರ್ಪು ಕೊಟ್ಟಿತು. ಹಾಗಂತ ಪೂರ್ತಿ ನಿರಾಳ ಅಂದುಕೊಳ್ಳಬೇಡಿ. ನಿರ್ಲಕ್ಷ್ಯ ಮಾಡಿದರೆ ಸಿವಿಲ್ ದಾವೆ ಹೂಡಬಹುದು. ದುರ್ನಡತೆಗೆ ಬಾರ್ ಕೌನ್ಸಿಲ್ ಇದೆ. ಆದರೆ ಇಲ್ಲಿ ಉದ್ದನೆ ಪಟ್ಟಿ ನಿಮ್ಮನ್ನು ಕಾಪಾಡುವುದಿಲ್ಲ. ಮುಖ್ಯವಾದ ಅಪಾಯ ಏಳನೇ ಪುಟದಲ್ಲಿ ಹದಿನೇಳನೆಯದಾಗಿ ಹೂತುಹೋಗಿದ್ದರೆ ‘ಹೇಳಿದ್ದೆ’ ಅನ್ನುವುದಕ್ಕೆ ಎಷ್ಟು ಬೆಲೆ? ‘ಇಂಥ ಮೂರು ವಿಷಯ ಹೇಳಿದೆ, ಇಂಥ ದಾರಿ ತೋರಿಸಿದೆ, ನೀವು ಇದನ್ನು ಆರಿಸಿಕೊಂಡಿರಿ’ ಅಂತ ಮಾತು ಮುಗಿದ ದಿನವೇ ಕಳಿಸಿದ ನಾಲ್ಕು ಸಾಲಿಗೆ ಬೆಲೆ ಜಾಸ್ತಿ. ಅಪಾಯ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ತೂಗಿ ಹೇಳಿ.

ತೂಗುವುದಕ್ಕೆ ವ್ಯಾಪಾರ ಗೊತ್ತಿರಬೇಕು. ನಿಮ್ಮ ಎರಡನೇ ಪ್ರಶ್ನೆಗೆ ಇದೇ ಉತ್ತರ. ಬೆಲ್ಲದ ರೇಟು ಏರುತ್ತದೋ ಇಳಿಯುತ್ತದೋ ಅಂತ ಹೇಳುವುದು ನಿಮ್ಮ ಕೆಲಸವಲ್ಲ. ಆದರೆ ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯದೆ ಹಣ ಪಾವತಿಯ ಷರತ್ತಿನ ಬಗ್ಗೆ ಒಪಿನಿಯನ್ ಬರೆಯಲು ಆಗುವುದಿಲ್ಲ. ಒಂದು ಸಲ ಆಲೆಮನೆಗೆ ಹೋಗಿ ಬನ್ನಿ. ಕೊಪ್ಪರಿಗೆ ಇಳಿಸುವುದನ್ನು ನೋಡುವುದಕ್ಕಿಂತ ಲಾರಿಗೆ ಲೋಡ್ ಆಗುವುದನ್ನು ನೋಡಿ. ಚೀಲ ಯಾರು ಎಣಿಸುತ್ತಾರೆ, ತೂಕದ ಚೀಟಿ ಯಾರ ಹತ್ತಿರ ಉಳಿಯುತ್ತದೆ, ಸ್ಯಾಂಪಲ್ ತೆಗೆಯುತ್ತಾರಾ, ಡ್ರೈವರ್ ಎಲ್ಲಿ ಸಹಿ ಹಾಕುತ್ತಾನೆ. ನಾಳೆ ಜಗಳ ಬಂದರೆ ನಿಮ್ಮ ಸಾಕ್ಷ್ಯ ಅಷ್ಟೇ.

ಹೋದಾಗ ಕೆಲವು ಪ್ರಶ್ನೆ ಕೇಳಿ. ಅಡ್ವಾನ್ಸ್ ಈಗಾಗಲೇ ತಗೊಂಡಿದ್ದಾರಾ? ನಮ್ಮ ಕಡೆ ಕೈ ಕುಲುಕಿ, ಕಾಫಿ ಕುಡಿದು, ದುಡ್ಡು ತಗೊಂಡ ಮೇಲೆಯೇ ವಕೀಲರ ನೆನಪಾಗುವುದು. ತಗೊಂಡಿದ್ದರೆ ‘ಬೇಡ’ ಅನ್ನುವ ಸಲಹೆ ಸುಮ್ನೆ ದಂಡ. ಎಲ್ಲಾ ಬೆಲ್ಲವೂ ಸ್ವಂತ ಆಲೆಮನೆಯದೋ, ಇಲ್ಲ ಸ್ವಲ್ಪ ಹೊರಗಿಂದ ಕೊಂಡು ಪುಡಿ ಮಾಡುತ್ತಾರೋ? ಸಣ್ಣ ಉದ್ದಿಮೆ ಅಂತ ಸರ್ಕಾರದ ಉದ್ಯಮ್ ನೋಂದಣಿ ಆಗಿದೆಯಾ, ಯಾವ ತಾರೀಖು? ಅಣ್ಣತಮ್ಮಂದಿರು ಪಾಲುದಾರಿಕೆ ಅಂತ ನಡೆಸುತ್ತಿದ್ದರೆ ಫರ್ಮ್ ರಿಜಿಸ್ಟರ್ ಆಗಿದೆಯಾ? ಆಗದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಕಲಂ 69 ಅಡ್ಡ ಬರುತ್ತದೆ. ಕರಾರಿನ ಮೇಲೆ ಹೊರಗಿನವರ ವಿರುದ್ಧ ಫರ್ಮ್ ದಾವೆ ಹೂಡಲಾಗದು. ನಿಮ್ಮ 23ರಲ್ಲಿ ಇದು ಇತ್ತೋ ಇಲ್ಲವೋ ಗೊತ್ತಿಲ್ಲ, ಇರಬೇಕಿತ್ತು.

ಇನ್ನು ಷರತ್ತುಗಳಿಗೆ ಬರೋಣ. ಅವರ ಭಾಷೆಯಲ್ಲಿ, ಅಂದರೆ ಟನ್ನಿನ ಲೆಕ್ಕದಲ್ಲಿ ನೋಡಿ.

90 ದಿನಕ್ಕೆ ಹಣ ಅಂದರೆ ಯಾವ ಹೊತ್ತಿಗೆ ನೋಡಿದರೂ 30 ಟನ್ ಬೆಲ್ಲದ ದುಡ್ಡು ಹೊರಗೇ ಇರುತ್ತದೆ. ಕಬ್ಬಿನ ತೂಕದ ಸುಮಾರು ಹತ್ತರಲ್ಲೊಂದು ಭಾಗ ಬೆಲ್ಲ ಬರುತ್ತದೆ ಅಂತ ಇಟ್ಟುಕೊಂಡರೆ, 300 ಟನ್ ಕಬ್ಬಿನ ದುಡ್ಡು. ಕಬ್ಬು ಕೊಟ್ಟ ರೈತ 90 ದಿನ ಕಾಯುತ್ತಾನಾ? ಕಡಿಯುವ ಕೂಲಿಯವರು? ನನ್ನ ಲೆಕ್ಕದಲ್ಲಿ ಈ ಅಗ್ರಿಮೆಂಟಿನ ನಿಜವಾದ ವಿಷ ಇದೇ. ‘ಪಾವತಿ ಷರತ್ತು ಕಕ್ಷಿದಾರರ ಹಿತಕ್ಕೆ ಪ್ರತಿಕೂಲವಾಗಿದೆ’ ಅಂತ ಬರೆದರೆ ಅಣ್ಣನಿಗೆ ನಾಟುವುದಿಲ್ಲ. ‘300 ಟನ್ ಕಬ್ಬಿಗೆ ಕೈಯಿಂದ ಹಾಕೋಕೆ ದುಡ್ಡಿದೆಯಾ?’ ಅಂತ ಕೇಳಿದರೆ ಅವರೇ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಇದಕ್ಕೆ ಕಾನೂನಿನಲ್ಲಿ ಔಷಧಿಯೂ ಇದೆ. 2006ರ ಎಂಎಸ್‌ಎಂಇಡಿ, ಅಂದರೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಲೇಬೇಕು. ಬರಹದ ಕರಾರು ಇಲ್ಲದಿದ್ದರೆ 15 ದಿನ. ಅಗ್ರಿಮೆಂಟಿನಲ್ಲಿ 90 ಅಂತ ಬರೆದರೂ ಕಾಯ್ದೆಯೇ ಮೇಲು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ಸೂಕ್ಷ್ಮ ಉದ್ದಿಮೆ. ಇವರು ಅದರೊಳಗೇ ಬರುತ್ತಾರೆ ಅನ್ನಿಸುತ್ತದೆ. ಆದರೆ ಈ ರಕ್ಷಣೆ ತಯಾರಕರಿಗೆ. ಬರೀ ಕೊಂಡು ಮಾರುವವರಿಗೆ ಸಿಗುವುದು ಕಷ್ಟ, ಅದಕ್ಕೇ ಸ್ವಂತ ಬೆಲ್ಲವೋ ಅಂತ ಕೇಳಿ ಅಂದದ್ದು. ಉದ್ಯಮ್ ನೋಂದಣಿ ಸಹಿಗೆ ಮೊದಲೇ ಆಗಿರಲಿ. ಬಾಕಿ ಬಿದ್ದ ಮೇಲೆ ಓಡಿಹೋಗಿ ಮಾಡಿಸಿದರೆ ಹಳೇ ಬಿಲ್ಲಿಗೆ ಅದು ಅನ್ವಯಿಸುತ್ತದಾ ಅಂತಲೇ ಒಂದು ವ್ಯಾಜ್ಯವಾಗುತ್ತದೆ.

ಆದರೆ ಈ ಕಾಯ್ದೆಯನ್ನು ಕತ್ತಿಯ ಹಾಗೆ ಝಳಪಿಸಲು ಹೇಳಬೇಡಿ. ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ಯಾರು ತಾನೇ ಮೂರು ತಿಂಗಳಿಗೇ ದೂರು ಕೊಡುತ್ತಾರೆ? ಬಳಸುವ ರೀತಿ ಬೇರೆ ಇದೆ. ಸೂಕ್ಷ್ಮ, ಸಣ್ಣ ಉದ್ದಿಮೆಗೆ ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಕಂಪನಿ ನಿಜವಾಗಿ ಹಣ ಕೊಟ್ಟ ವರ್ಷವೇ ಖರ್ಚು ತೋರಿಸಬೇಕು ಅಂತ ಆದಾಯ ತೆರಿಗೆಯಲ್ಲಿ ತಿದ್ದುಪಡಿ ಬಂದಿದೆ, 2024ರ ಏಪ್ರಿಲ್ 1ರಿಂದ ಜಾರಿ. ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತು. ‘ನಮ್ಮ ಉದ್ಯಮ್ ಸರ್ಟಿಫಿಕೇಟ್ ಇದು, 45 ದಿನ ಅಂತ ತಿದ್ದಿದರೆ ನಿಮ್ಮ ಆಡಿಟ್‌ಗೂ ಸಲೀಸು’ ಅಂತ ಒಂದು ಮೇಲ್ ಸಾಕು. ಜಗಳವಿಲ್ಲ, ಬೆದರಿಕೆಯಿಲ್ಲ.

60 ದಿನದ ವಾಪಸಾತಿ ಎರಡನೆಯದು. 20 ಟನ್ ಮಾಲು ಯಾವಾಗಲೂ ತೂಗುಕತ್ತಿಯ ಕೆಳಗೆ. ಮಳೆಗಾಲದಲ್ಲಿ ಪುಡಿ ಬೆಲ್ಲ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ ಅಂತ ಆಲೆಮನೆಯ ಹುಡುಗನಿಗೂ ಗೊತ್ತು. ಕಂಪನಿಯ ಗೋಡೌನಿನಲ್ಲಿ ಗಂಟು ಕಟ್ಟಿದ್ದಕ್ಕೆ ಇವರು ಯಾಕೆ ಹೊಣೆಯಾಗಬೇಕು? ಷರತ್ತು ತೆಗೆಸಲು ಹೋದರೆ ಕಂಪನಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಕೆಟ್ಟ ಮಾಲು ವಾಪಸ್ ಕಳಿಸುವ ಹಕ್ಕು ಕೊಳ್ಳುವವನಿಗೆ ಇರಬೇಕು. ದಿನ ಇಳಿಸಿ, ಅಳತೆ ನಿಲ್ಲಿಸಿ. ಎಂಎಸ್‌ಎಂಇಡಿ ಕಾಯ್ದೆಯಲ್ಲೇ ಆಕ್ಷೇಪಣೆಗೆ ಮಾಲು ತಲುಪಿ 15 ದಿನ ಅಂತ ಇದೆ, ಅದೂ ಬರಹದಲ್ಲಿ. ಅದನ್ನೇ ಕೇಳಿ. ಲೋಡ್ ಆಗುವಾಗ ಮೂರು ಪೊಟ್ಟಣ ಸ್ಯಾಂಪಲ್ ತೆಗೆದು, ಬ್ಯಾಚ್ ನಂಬರ್ ಬರೆದು, ಸೀಲ್ ಮಾಡಿ, ಇಬ್ಬರೂ ಸಹಿ ಹಾಕಲಿ. ಒಂದು ಇವರಿಗೆ, ಒಂದು ಕಂಪನಿಗೆ, ಮೂರನೆಯದು ತಕರಾರು ಬಂದರೆ ಲ್ಯಾಬಿಗೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಇಬ್ಬರೂ ಒಪ್ಪುವ ಲ್ಯಾಬಿನ ಹೆಸರನ್ನೇ ಬರೆದುಬಿಡಿ. ತೇವಾಂಶ ಶೇಕಡ ಎಷ್ಟರವರೆಗೆ ಸರಿ ಅನ್ನುವ ಅಂಕಿಯನ್ನು ಅಣ್ಣತಮ್ಮಂದಿರೇ ಹೇಳಲಿ, ನೀವು ಊಹಿಸಬೇಡಿ.

ಮೂರನೆಯದು ಬೇರೆಯವರಿಗೆ ಮಾರಬಾರದು ಅನ್ನುವುದು. ‘ಕರಾರು ಕಾಯ್ದೆಯ ಕಲಂ 27 ಇದೆ, ಇದು ನಿಲ್ಲಲ್ಲ’ ಅಂತ ನಮ್ಮವರು ಆರಾಮವಾಗಿ ಹೇಳಿಬಿಡುತ್ತಾರೆ. ಅರ್ಧ ಸತ್ಯ. ಕರಾರು ಮುಗಿದ ಮೇಲೂ ವ್ಯಾಪಾರ ಮಾಡಬಾರದು ಅಂದರೆ ನಿಲ್ಲುವುದಿಲ್ಲ. ಕರಾರು ಜೀವಂತ ಇರುವಾಗಿನ ನಿರ್ಬಂಧವನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಇಲ್ಲಿ ನೋಡಬೇಕಾದ್ದು, ಕಂಪನಿ ಇಷ್ಟು ಕೊಂಡೇ ಕೊಳ್ಳುತ್ತದೆ ಅಂತ ಎಲ್ಲಾದರೂ ಬರೆದಿದೆಯಾ ಅಂತ. ನೀವು ಕಳಿಸಿದ ವಿವರದಲ್ಲಿ ಅದು ಕಾಣಲಿಲ್ಲ. ಕೊಳ್ಳುವವನಿಗೆ ಬಂಧನವಿಲ್ಲ, ಮಾರುವವನಿಗೆ ಮಾತ್ರ ಸರಪಳಿ. ನಿರ್ಬಂಧ ಪುಡಿ ಬೆಲ್ಲಕ್ಕೆ ಮಾತ್ರ ಇರಲಿ, ಅಚ್ಚು ಬೆಲ್ಲವನ್ನು ಎಂದಿನಂತೆ ಮಂಡ್ಯ ಎಪಿಎಂಸಿಗೆ ಹಾಕಲು ಬಿಡಲಿ. ಇಲ್ಲದಿದ್ದರೆ ತಿಂಗಳಿಗೆ ಕನಿಷ್ಠ ಇಷ್ಟು ಟನ್ ಎತ್ತಲೇಬೇಕು ಅಂತ ಸೇರಿಸಲಿ. ಎರಡರಲ್ಲಿ ಒಂದನ್ನಾದರೂ ಕಂಪನಿ ಒಪ್ಪದಿದ್ದರೆ ನಾನಾದರೆ ಮೂರು ವರ್ಷಕ್ಕೆ ಸಹಿ ಹಾಕಿ ಅನ್ನುವುದಿಲ್ಲ.

ದಂಡದ ಕಡಿತ ವಿಚಿತ್ರವಾದದ್ದು. ಅದೇ ಕರಾರು ಕಾಯ್ದೆಯ ಕಲಂ 74ರ ಪ್ರಕಾರ ಬರೆದಿರುವ ಮೊತ್ತ ಬರೀ ಮೇಲ್ಮಿತಿ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗಬೇಕು. ಕೋರ್ಟಿನಲ್ಲಿ ನಮ್ಮ ವಾದ ಗಟ್ಟಿ. ಆದರೆ ದುಡ್ಡು ಅವರ ಕೈಯಲ್ಲಿದೆ. ಅವರು ಬಿಲ್ಲಿನಲ್ಲಿ ಹಿಡಿದುಕೊಂಡರೆ ಕೋರ್ಟಿಗೆ ಹೋಗಬೇಕಾದವರು ನಾವು. ಮೂರು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ತಡೆಯಾಜ್ಞೆ ಬೇಡದಿದ್ದಾಗ, ದಾವೆಗೆ ಮೊದಲು ಮಧ್ಯಸ್ಥಿಕೆಯ ಮೆಟ್ಟಿಲನ್ನೂ ಹತ್ತಬೇಕು. ಆದ್ದರಿಂದ ‘ಈ ಷರತ್ತು ಕಾನೂನಿನಲ್ಲಿ ನಿಲ್ಲುವುದಿಲ್ಲ’ ಅಂತ ಧೈರ್ಯ ತುಂಬಬೇಡಿ. ಕಡಿತಕ್ಕೆ ಬಿಲ್ಲಿನ ಇಷ್ಟು ಶೇಕಡ ಅಂತ ಗಡಿ ಹಾಕಿಸಿ. ಕರೆಂಟು, ಮಳೆ, ಕಬ್ಬಿನ ಕೊರತೆಯಿಂದ ತಡವಾದರೆ ಇಷ್ಟು ದಿನದ ರಿಯಾಯಿತಿ ಅಂತ ಬರೆಸಿ.

ಬೆಂಗಳೂರು ಕೋರ್ಟು, ಎಂಡಿ ನೇಮಿಸುವ ಆರ್ಬಿಟ್ರೇಟರ್ ಇವುಗಳಿಗೆ ನಿಮ್ಮ ಒಪಿನಿಯನ್ ಎರಡು ಪುಟ ಕೊಟ್ಟಿರಬಹುದು. ಎರಡು ಸಾಲು ಸಾಕು. ಒಂದೇ ಕಡೆಯವರು ತಾವೇ ಆರ್ಬಿಟ್ರೇಟರ್ ನೇಮಿಸುವುದು ನಡೆಯದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ಹಣದ ಬಾಕಿಗಾದರೆ, ಮಾರುವವರು ಇರುವ ಕಡೆಯ ಎಂಎಸ್‌ಎಂಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದು, ಕೊಳ್ಳುವವರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಕಂಪನಿಯ ಜೊತೆ ಚೌಕಾಸಿ ಮಾಡುವ ಶಕ್ತಿ ಇರುವುದೇ ಸ್ವಲ್ಪ, ಅದನ್ನು ಇಲ್ಲಿ ಖರ್ಚು ಮಾಡಬೇಡಿ.

ಈಗ ರಾಸಾಯನಿಕವಿಲ್ಲ ಅನ್ನುವ ಖಾತರಿ. ಇಲ್ಲಿ ಚೌಕಾಸಿ ಇಲ್ಲ. ತಮ್ಮನನ್ನು ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: ಬಣ್ಣ ಬರೋಕೆ ಹೈಡ್ರೋಸ್ ಹಾಕ್ತೀರಾ? ಬೆಲ್ಲದ ಬಣ್ಣ ತಿಳಿಯಾಗಿಸುವ ಆ ರಾಸಾಯನಿಕ ಹಾಕುತ್ತಿದ್ದರೆ ಈ ಖಾತರಿಗೆ ಸಹಿ ಹಾಕಬೇಡಿ ಅಂತ ಖಡಾಖಂಡಿತ ಹೇಳಿ. ಸುಳ್ಳು ಲೇಬಲ್‌ಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಮೂರು ಲಕ್ಷದವರೆಗೆ ದಂಡವಿದೆ. ಆಹಾರ ಅಸುರಕ್ಷಿತ ಅಂತಾದರೆ ಜೈಲೂ ಇದೆ. ಅದಕ್ಕಿಂತ ಮೊದಲು ಕಂಪನಿ ಮಾರುಕಟ್ಟೆಯಿಂದ ಮಾಲು ವಾಪಸ್ ತರಿಸಿ ಖರ್ಚೆಲ್ಲ ಇವರ ತಲೆಗೆ ಕಟ್ಟುತ್ತದೆ. ಇರುವ ದಾರಿ ಎರಡೇ. ಹೈಡ್ರೋಸ್ ಬಿಟ್ಟು ಬಣ್ಣ ಗಾಢವಾದರೂ ಆಗಲಿ ಅಂತ ಕಂಪನಿಗೆ ಹೇಳಿ ಒಪ್ಪಿಸುವುದು, ಇಲ್ಲ ಈ ಆರ್ಡರ್ ಬಿಡುವುದು. ಅವರು ನಿಜ ಹೇಳಲು ಹಿಂಜರಿದರೆ, ವಕೀಲರಿಗೆ ಹೇಳಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರ ರಕ್ಷೆ ಇದೆ ಅಂತ ತಿಳಿಸಿ. ಕಾನೂನುಬಾಹಿರ ಉದ್ದೇಶಕ್ಕೆ ಸಲಹೆ ಕೇಳಿದರೆ ಆ ರಕ್ಷೆ ಇಲ್ಲ. ಆಡಿಟರ್‌ಗೆ ಹೇಳಿದ ಮಾತಿಗೆ ಅದು ಸಿಗುವುದಿಲ್ಲ, ಇದನ್ನೂ ಹೇಳಿ. ಉಳಿದ ಕಡೆ ಇಷ್ಟೆಲ್ಲ ಬಗ್ಗಿ ಮಾತಾಡಿದ್ದರೆ ಇಲ್ಲಿನ ನಿಮ್ಮ ‘ಬೇಡ’ಕ್ಕೆ ಕಿವಿ ಕೊಡುತ್ತಾರೆ.

ಇಷ್ಟಾದ ಮೇಲೆ ಅವರ ಮುಂದೆ ಇಡಬೇಕಾದ ದಾರಿಗಳು. ಇದ್ದ ಹಾಗೇ ಸಹಿ ಹಾಕುವುದು ಒಂದು. ಆರ್ಡರ್ ಬೇಗ ಸಿಗುತ್ತದೆ, 90 ದಿನದ ಬಂಡವಾಳ ಇಲ್ಲದಿದ್ದರೆ ನಾಲ್ಕನೇ ತಿಂಗಳಿಗೆ ಕೈಸಾಲ ಶುರು. ಮೂರು ವರ್ಷದ ಬದಲು ಒಂದು ಹಂಗಾಮಿಗೆ ಮಾತ್ರ, ಪರ್ಚೇಸ್ ಆರ್ಡರ್ ಮೇಲೆ ಮಾಲು ಕೊಟ್ಟು ನೋಡುವುದು ಇನ್ನೊಂದು. ರೇಟು ಸ್ವಲ್ಪ ಕಡಿಮೆ ಸಿಗಬಹುದು, ಮುಂದಿನ ವರ್ಷ ಕಂಪನಿ ಬೇರೆಯವರನ್ನು ಹಿಡಿಯಲೂಬಹುದು. ಹಣ, ವಾಪಸಾತಿ, ನಿರ್ಬಂಧ ಈ ಮೂರನ್ನು ತಿದ್ದಿಸಿ ಸಹಿ ಹಾಕುವುದು ನಾನು ಮೊದಲು ಪ್ರಯತ್ನಿಸುವ ದಾರಿ. ಇದರ ಅಪಾಯ ಎಂದರೆ ತಡ. ಕಂಪನಿ ಈ ನಡುವೆ ಬೇರೆ ಆಲೆಮನೆಯವರ ಜೊತೆಗೂ ಮಾತಾಡುತ್ತಿರುತ್ತದೆ. ಯಾವುದು ಅಂತ ಆರಿಸುವುದು ಅವರು. ‘ನೀವಾಗಿದ್ರೆ ಏನ್ಮಾಡ್ತಿದ್ರಿ ಸಾರ್?’ ಅಂತ ಖಂಡಿತ ಕೇಳುತ್ತಾರೆ. ‘ಅದು ನಿಮ್ಮ ನಿರ್ಧಾರ’ ಅಂತ ನುಣುಚಿಕೊಳ್ಳಬೇಡಿ. ಹೇಳಿ, ಕಾರಣವನ್ನೂ ಹೇಳಿ.

ತಿದ್ದಿಸುವುದರಲ್ಲಿ ಒಂದು ಸಣ್ಣ ಯುಕ್ತಿ. ದೊಡ್ಡ ಕಂಪನಿಯ ಮೂಲ ಅಗ್ರಿಮೆಂಟ್ ಮುಟ್ಟಲು ಪರ್ಚೇಸ್ ಮ್ಯಾನೇಜರ್‌ಗೆ ಅಧಿಕಾರ ಇರುವುದಿಲ್ಲ. ಅದು ಅವರ ಲೀಗಲ್ ವಿಭಾಗಕ್ಕೆ ಹೋದರೆ ವಾರಗಟ್ಟಲೆ ಕೂರುತ್ತದೆ. ಆದರೆ ಕೊನೆಯ ಅನುಬಂಧ, ಅಂದರೆ ದರ, ಪ್ರಮಾಣ, ಗುಣಮಟ್ಟ ಬರೆಯುವ ಹಾಳೆ, ಸಾಮಾನ್ಯವಾಗಿ ಅವರ ಕೈಯಲ್ಲೇ ಇರುತ್ತದೆ. ನಿಮ್ಮ ಮೂರು ತಿದ್ದುಪಡಿಯನ್ನೂ ಅಲ್ಲಿ ಹಾಕಿಸಿ. ಜೊತೆಗೆ ‘ವ್ಯತ್ಯಾಸ ಬಂದರೆ ಅನುಬಂಧವೇ ಮೇಲು’ ಅಂತ ಒಂದು ಸಾಲು. ಆ ಸಾಲು ಇಲ್ಲದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ವಾಕ್ಯಗಳನ್ನು ಇಂಗ್ಲಿಷಿನಲ್ಲಿ ನೀವೇ ಬರೆದುಕೊಡಿ, ಅವರು ಕಾಪಿ ಮಾಡಿಕೊಳ್ಳುವ ಹಾಗೆ. ಬರೀ ‘ಷರತ್ತು ಬದಲಾಗಬೇಕು’ ಅಂದರೆ ಅಣ್ಣ ಹೋಗಿ ಏನು ಅಂತ ಕೇಳಬೇಕು?

ಇನ್ನು ಒಪಿನಿಯನ್ನನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ ಬರೆಯಿರಿ. ಬೇಕಾದರೆ ನಿಮ್ಮ 9 ಪುಟ ಹಿಂದೆ ಲಗತ್ತಾಗಿರಲಿ, ಕೆಲಸ ವ್ಯರ್ಥವಾಗುವುದು ಬೇಡ. ಕಂಪನಿಗೆ ಕಳಿಸುವ ಹಾಳೆ ಬೇರೆ ಇರಲಿ. ನೀವು ಗುಟ್ಟಾಗಿ ಬರೆದುಕೊಟ್ಟದ್ದನ್ನು ಕಕ್ಷಿದಾರರು ಅದೇ ಸಂಜೆ ಪರ್ಚೇಸ್ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿರುತ್ತಾರೆ. ಫೀಸು ಓದುವುದಕ್ಕೆ, ಒಂದು ಸಲ ಕೂತು ಮಾತಾಡುವುದಕ್ಕೆ, ತಿದ್ದುಪಡಿ ಬರೆಯುವುದಕ್ಕೆ ಒಟ್ಟು ಇಷ್ಟು ಅಂತ ಮೊದಲೇ ಹೇಳಿ. ಪುಟಕ್ಕಿಷ್ಟು ಅನ್ನುವ ಭಾವನೆ ಅವರಿಗೂ ಬರಬಾರದು, ನಿಮಗೂ ಬರಬಾರದು.

ಆಡಿಟರ್ ಮೇಲೆ ಸಿಟ್ಟು ಬೇಡ, ಅವರಿಗೆ ಫೋನ್ ಮಾಡಿ. 90 ದಿನದ ಲೆಕ್ಕವನ್ನು ಬಂಡವಾಳದ ಲೆಕ್ಕವಾಗಿ ಅವರ ಮುಂದಿಟ್ಟರೆ ‘ಏನೂ ಆಗಲ್ಲ’ ಅಂದವರೇ ‘ಅಯ್ಯೋ, ಇದು ನೋಡಿರಲಿಲ್ಲ’ ಅನ್ನಬಹುದು. ಅಣ್ಣತಮ್ಮಂದಿರು ಜಾಸ್ತಿ ನಂಬುವುದು ಅವರನ್ನೇ, ಹಾಗಾಗಿ ಆ ಮಾತು ಅವರ ಬಾಯಿಂದಲೇ ಬರಲಿ.

ಇದನ್ನು ಓದುವ ಹೊತ್ತಿಗೆ ಅವರು ಸಹಿ ಹಾಕಿಯೇ ಬಿಟ್ಟಿದ್ದರೂ ಕೆಲಸ ಉಳಿದಿದೆ. ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಲಿ. ಮಾಲು ತಲುಪಿದ್ದಕ್ಕೆ ತಾರೀಖು ಸಮೇತ ಸಹಿ ತರಲು ಡ್ರೈವರ್‌ಗೆ ಕಲಿಸಲಿ. ಸ್ಯಾಂಪಲ್ ಸೀಲ್ ಮಾಡುವುದನ್ನು ಮೊದಲ ಲೋಡಿನಿಂದಲೇ ಶುರು ಮಾಡಲಿ. ಕಂಪನಿಯವರು ಸಹಿ ಹಾಕದಿದ್ದರೆ ಲೋಡಿನ ಫೋಟೋ ತೆಗೆದು ಅವತ್ತೇ ಮೇಲ್ ಮಾಡಲಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.